ನೈಟ್ ಡ್ಯೂಟಿಗೆ ಯಾರು?

ಆಸ್ಪತ್ರೆಯ ಗಾತ್ರವನ್ನು ಹಾಸಿಗೆಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಮೂವತ್ತು ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರ, ನೂರು ಹಾಸಿಗೆಯ ತಾಲ್ಲೂಕು ಆಸ್ಪತ್ರೆ ಎಂದರೆ ಎಲ್ಲರಿಗೂ ಅಂದಾಜು ಸಿಗುತ್ತದೆ. ಆದರೆ ಹಾಸಿಗೆಯ ಪಕ್ಕದಲ್ಲಿ ಹಗಲೂ ರಾತ್ರಿ ಯಾರಾದರೂ ಇದ್ದರೆ ಮಾತ್ರ ಅದು ಚಿಕಿತ್ಸೆಯ ಜಾಗ. ವೈದ್ಯರು, ಶುಶ್ರೂಷಾಧಿಕಾರಿಗಳು, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್, ಲೇಬರ್ ರೂಮ್ ತೊಳೆಯುವ ಡಿ ಗ್ರೂಪ್ ನೌಕರರು, ಆಂಬುಲೆನ್ಸ್ ಚಾಲಕ ಎಲ್ಲರೂ ಸೇರಿ ಆಸ್ಪತ್ರೆ. ಕಟ್ಟಡಕ್ಕೆ ಒಮ್ಮೆ ಅನುದಾನ ಬಂದರೆ ಮುಗಿಯಿತು, ಈ ಜನರನ್ನು ಮಾತ್ರ ಪ್ರತಿದಿನವೂ ಉಳಿಸಿಕೊಳ್ಳಬೇಕು.

ತಲಕಾಡು ತಿ. ನರಸೀಪುರ ತಾಲ್ಲೂಕಿನ ಹೋಬಳಿ ಕೇಂದ್ರ. ಇಲ್ಲಿಂದ ಮೈಸೂರು ಸುಮಾರು 45 ಕಿ.ಮೀ. ಹೆರಿಗೆ ನೋವು, ಹಾವು ಕಡಿತ, ಗದ್ದೆ ಕೆಲಸದಲ್ಲಿ ಬಿದ್ದ ಮಚ್ಚಿನೇಟು, ಕಾವೇರಿಯಲ್ಲಿ ಈಜಲು ಇಳಿದು ಮುಳುಗಿದವರು, ಏನೇ ಆದರೂ ಜನ ಮೊದಲು ಬರುವುದು ಊರಿನ ಸರ್ಕಾರಿ ಆಸ್ಪತ್ರೆಗೆ. ಅಲ್ಲಿ ಆಗದಿದ್ದರೆ ತಾಲ್ಲೂಕು ಆಸ್ಪತ್ರೆ, ಅಲ್ಲೂ ಆಗದಿದ್ದರೆ ‘ಮೈಸೂರಿಗೆ ಬರೆದುಕೊಟ್ಟರು’ ಎಂಬ ಮಾತು. ಹೀಗೆ ಬರೆದುಕೊಡುವುದರಲ್ಲಿ ಕಾಯಿಲೆಯ ತೀವ್ರತೆ ಒಂದು ಪಾಲಾದರೆ, ಆ ಹೊತ್ತಿನಲ್ಲಿ ಡ್ಯೂಟಿಯಲ್ಲಿ ಯಾರಿದ್ದರು ಎಂಬುದು ಇನ್ನೊಂದು ಪಾಲು. ಅರಿವಳಿಕೆ ತಜ್ಞರಿಲ್ಲದ ರಾತ್ರಿ ಸಿಸೇರಿಯನ್ ಆಗುವುದಿಲ್ಲ. ಹಳ್ಳಿಯ ಆಸ್ಪತ್ರೆಗಳಲ್ಲಿ ಖಾಲಿ ಬಿದ್ದ ಒಂದೊಂದು ಹುದ್ದೆಯ ಭಾರವೂ ಕೊನೆಗೆ ಬೀಳುವುದು ಮೈಸೂರಿನ ಕೆ.ಆರ್. ಆಸ್ಪತ್ರೆ ಮತ್ತು ಚೆಲುವಾಂಬ ಆಸ್ಪತ್ರೆಯ ಹೌಸ್ ಸರ್ಜನ್ನರು, ಪಿಜಿ ವಿದ್ಯಾರ್ಥಿಗಳು, ನರ್ಸ್‌ಗಳ ಹೆಗಲಿಗೆ.

ಹುದ್ದೆ ಭರ್ತಿಯಾಗಿದ್ದರೂ ಸಾಲದಿರುವುದು ಹೇಗೆ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಇಪ್ಪತ್ನಾಲ್ಕು ಗಂಟೆ ತೆರೆದಿರುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೂವರು ನರ್ಸ್ ಎಂಬ ಸೂತ್ರ ಬಂತು. ದಿನಕ್ಕೆ ಮೂರು ಪಾಳಿ, ಮೂವರು ಜನ, ಸರಿಹೋಯಿತಲ್ಲ ಎನಿಸುತ್ತದೆ. ವರ್ಷಕ್ಕೆ ಒಟ್ಟು 1,095 ಪಾಳಿ. ಒಬ್ಬ ನರ್ಸ್‌ಗೆ 52 ವಾರದ ರಜೆ, 10 ಸಾಂದರ್ಭಿಕ ರಜೆ, 30 ಗಳಿಕೆ ರಜೆ ಕೊಟ್ಟರೆ ಕೆಲಸಕ್ಕೆ ಸಿಗುವುದು 273 ದಿನ. 1,095ನ್ನು 273ರಿಂದ ಭಾಗಿಸಿದರೆ ನಾಲ್ಕು. ಅಂದರೆ ಪಾಳಿಗೆ ಒಬ್ಬರೇ ಇದ್ದರೂ, ಹಬ್ಬದ ರಜೆ, ಹೆರಿಗೆ ರಜೆ, ತರಬೇತಿ, ಜ್ವರ ಯಾವುದನ್ನೂ ಲೆಕ್ಕಕ್ಕೆ ಹಿಡಿಯದಿದ್ದರೂ ನಾಲ್ವರು ಬೇಕೇ ಬೇಕು. ಮೂವರೇ ಇದ್ದಲ್ಲಿ ನಾಲ್ಕನೆಯವರ ಕೆಲಸ ಉಳಿದ ಮೂವರ ರಜೆಯಿಂದ ಕಡಿತವಾಗುತ್ತದೆ. ಮೂವರಲ್ಲಿ ಒಬ್ಬರನ್ನು ಬೇರೆಡೆಗೆ ನಿಯೋಜನೆಯ ಮೇಲೆ ಕಳಿಸಿದ ತಿಂಗಳ ಡ್ಯೂಟಿ ಚಾರ್ಟ್ ಹೇಗಿರುತ್ತದೆಂದು ಯಾರಾದರೂ ಊಹಿಸಬಹುದು: ಇಬ್ಬರ ಹೆಸರು, ಹನ್ನೆರಡು ಗಂಟೆಯ ಎರಡು ಪಾಳಿ, ವಾರದ ರಜೆಯ ಕಾಲಂ ಖಾಲಿ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಎನ್ನುತ್ತದೆ. ರಜೆಯ ಬದಲಿಗೆಂದು ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿಯನ್ನೂ ಅದು ಕೇಳುತ್ತದೆ. ಕಾಗದದ ಮೇಲೆ ಈ ಲೆಕ್ಕ ಎಂದೋ ಗೊತ್ತಿತ್ತು, ಪಾಲನೆಯಾಗಿಲ್ಲ ಅಷ್ಟೆ.

ಲೆಕ್ಕ ತಪ್ಪಿದರೆ ನರಳುವುದು ನರ್ಸ್ ಒಬ್ಬರೇ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಲಿಂಡಾ ಐಕನ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧ. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದು ಹೆಚ್ಚಿದಂತೆ, ಶಸ್ತ್ರಚಿಕಿತ್ಸೆಯ ರೋಗಿಗಳು ಮೂವತ್ತು ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುವುದನ್ನೂ, ನರ್ಸ್‌ಗಳು ದಣಿದು ಬೇಸತ್ತುಹೋಗುವ ಸಂಭವ ಶೇ 23ರಷ್ಟು ಏರುವುದನ್ನೂ ಅದು ತೋರಿಸಿತು. ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲೇ ಕಾನೂನು ಮಾಡಿ, 2004ರಿಂದ ವಾರ್ಡುವಾರು ನರ್ಸ್–ರೋಗಿ ಅನುಪಾತವನ್ನು ಕಡ್ಡಾಯಗೊಳಿಸಿತು. ನಮ್ಮಲ್ಲಿ ಅನುಪಾತ ಇಂದಿಗೂ ಶಿಫಾರಸಿನ ಮಟ್ಟದಲ್ಲೇ ಇದೆ.

ವೈದ್ಯರ ಪಾಡು ಬೇರೆ ಬಗೆಯದು. ಒಬ್ಬರೇ ವೈದ್ಯರಿರುವ ಕೇಂದ್ರದಲ್ಲಿ ಅವರು ಓಪಿಡಿ ನೋಡಬೇಕು, ತಾಲ್ಲೂಕು ಸಭೆಗೆ ಹೋಗಬೇಕು, ಹಳೆಯ ಹೊಡೆದಾಟದ ಪ್ರಕರಣದಲ್ಲಿ ನ್ಯಾಯಾಲಯಕ್ಕೆ ಸಾಕ್ಷಿ ಹೇಳಲು ಹೋಗಬೇಕು, ಮರಣೋತ್ತರ ಪರೀಕ್ಷೆ ಮಾಡಬೇಕು. ಅವರು ಹೊರಗಿರುವ ಹೊತ್ತಿಗೆ ಬಂದ ರೋಗಿಗೆ ಕಾಣುವುದು ಖಾಲಿ ಕುರ್ಚಿ. ‘ಡಾಕ್ಟ್ರಿಲ್ಲ’ ಎಂದು ಹೇಳಬೇಕಾದ ನರ್ಸ್ ಬೈಗುಳ ತಿನ್ನುತ್ತಾರೆ. ಇದರ ಜೊತೆಗೆ ಬರವಣಿಗೆಯ ಹೊರೆ. ತಾಯಿ–ಮಗುವಿನ ವಿವರಕ್ಕೆ ಒಂದು ಪೋರ್ಟಲ್, ಕ್ಷಯರೋಗಕ್ಕೆ ನಿಕ್ಷಯ್, ದೂರ ಸಮಾಲೋಚನೆಗೆ ಇ–ಸಂಜೀವಿನಿ. ಕಂಪ್ಯೂಟರ್ ಬಂದರೆ ಪುಸ್ತಕ ಹೋಗಬೇಕಿತ್ತು, ಹೋಗಲಿಲ್ಲ. ರಿಜಿಸ್ಟರಿಗೂ ಬರೆಯಬೇಕು, ಪೋರ್ಟಲ್ಲಿಗೂ ತುಂಬಬೇಕು. ಹೊಸ ಸಿಬ್ಬಂದಿ ಕೊಡಲು ದುಡ್ಡಿಲ್ಲ ಎನ್ನುವ ಸರ್ಕಾರ ಈ ಜೋಡಿ ಬರವಣಿಗೆಯನ್ನು ನಿಲ್ಲಿಸಿದರೂ ಸಾಕು, ದಿನಕ್ಕೆ ಒಂದೆರಡು ಗಂಟೆ ರೋಗಿಗಳಿಗೆ ಸಿಗುತ್ತದೆ.

ಜಾತ್ರೆಯ ಡ್ಯೂಟಿ ಈ ಭಾಗದ ವಿಶೇಷ. ತಲಕಾಡಿನ ಪಂಚಲಿಂಗ ದರ್ಶನ 2009, 2013 ಮತ್ತು 2020ರಲ್ಲಿ ನಡೆಯಿತು. ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಲ್ಲಿ ಶುರುವಾದ ಕುಂಭಮೇಳ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ನಡೆಯುತ್ತ ಬಂದಿದೆ, 2025ರ ಫೆಬ್ರವರಿಯಲ್ಲೂ ನಡೆಯಿತು. ನಂಜನಗೂಡಿನ ದೊಡ್ಡ ಜಾತ್ರೆ ಪ್ರತಿ ವರ್ಷದ್ದು. ಲಕ್ಷಗಟ್ಟಲೆ ಜನ ಸೇರುವಲ್ಲಿ ವೈದ್ಯಕೀಯ ಶಿಬಿರ ಬೇಕು, ಆಂಬುಲೆನ್ಸ್ ನಿಲ್ಲಬೇಕು. ಆ ಸಿಬ್ಬಂದಿ ಬರುವುದು ಸುತ್ತಲಿನ ಆಸ್ಪತ್ರೆಗಳಿಂದಲೇ. ಜಾತ್ರೆ ಮುಗಿದ ಮೇಲೆ ಬದಲಿ ರಜೆ ಕಾಗದದಲ್ಲಿ ಸಿಗುತ್ತದೆ, ಡ್ಯೂಟಿಗೆ ಬೇರೆ ಜನರಿಲ್ಲದ್ದರಿಂದ ತೆಗೆದುಕೊಳ್ಳಲಾಗುವುದಿಲ್ಲ.

ಒತ್ತಡ ಎಲ್ಲಿಗೆ ಮುಟ್ಟಬಹುದು ಎಂಬುದನ್ನು 2020 ತೋರಿಸಿತು. ಆ ವರ್ಷದ ಮಾರ್ಚ್ ಕೊನೆಯ ವಾರದಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರನಲ್ಲಿ ಕೊರೊನಾ ಸೋಂಕು ಪತ್ತೆಯಾಯಿತು. ಎಪ್ಪತ್ತಕ್ಕೂ ಹೆಚ್ಚು ಜನರಿಗೆ ಅದು ಹಬ್ಬಿ, ನಂಜನಗೂಡು ರಾಜ್ಯದ ಮೊದಲ ದೊಡ್ಡ ಸೋಂಕಿನ ಗುಚ್ಛವಾಯಿತು. ಸಂಪರ್ಕಿತರನ್ನು ಹುಡುಕುವುದು, ಮನೆ ಮನೆಗೆ ಹೋಗುವುದು, ಕ್ವಾರಂಟೈನ್ ನೋಡಿಕೊಳ್ಳುವುದು, ಎಲ್ಲವೂ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯ ತಲೆಗೆ ಬಂತು. ತಿಂಗಳುಗಟ್ಟಲೆ ರಜೆಯಿಲ್ಲದ ಕೆಲಸದ ನಂತರ, ಅದೇ ಆಗಸ್ಟ್‌ನಲ್ಲಿ ನಂಜನಗೂಡು ತಾಲ್ಲೂಕು ಆರೋಗ್ಯಾಧಿಕಾರಿ ಆತ್ಮಹತ್ಯೆ ಮಾಡಿಕೊಂಡರು. ಪರೀಕ್ಷೆಗಳ ಗುರಿ ಮುಟ್ಟಿಸುವಂತೆ ಮೇಲಿನಿಂದ ಬಂದ ಒತ್ತಡವೇ ಇದಕ್ಕೆ ಕಾರಣವೆಂದು ವೈದ್ಯರ ಸಂಘಟನೆಗಳು ದೂರಿದವು, ಮೈಸೂರಿನಲ್ಲಿ ವೈದ್ಯರು ಪ್ರತಿಭಟನೆಗೆ ಇಳಿದರು. ಸರ್ಕಾರ ತನಿಖೆಗೆ ಆದೇಶಿಸಿತು, ಕುಟುಂಬಕ್ಕೆ ಪರಿಹಾರ ಘೋಷಿಸಿತು. ಆತ್ಮಹತ್ಯೆಗೆ ಒಂದೇ ಕಾರಣ ಹೇಳುವುದು ಸರಿಯಲ್ಲ. ಆದರೆ ಆ ಪ್ರಕರಣ ಒಂದು ಪ್ರಶ್ನೆಯನ್ನಂತೂ ಎತ್ತಿತು: ಗುರಿ ನಿಗದಿ ಮಾಡುವವರು, ಅದನ್ನು ಮುಟ್ಟಿಸಲು ಎಷ್ಟು ಜನರಿದ್ದಾರೆ ಎಂದು ಮೊದಲು ಕೇಳುತ್ತಾರೆಯೇ?

ಕೆಲಸದ ಜಾಗದಲ್ಲಿ ದೀರ್ಘಕಾಲ ಉಳಿದ ಒತ್ತಡದಿಂದ ಬರುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಅಂತರರಾಷ್ಟ್ರೀಯ ರೋಗ ವರ್ಗೀಕರಣದಲ್ಲಿ ವೃತ್ತಿಗೆ ಸಂಬಂಧಿಸಿದ ವಿದ್ಯಮಾನವೆಂದು ಗುರುತಿಸಿದೆ. ಅದನ್ನು ರೋಗ ಎಂದು ಕರೆಯದೆ ಕೆಲಸದ ಸ್ಥಿತಿಗೆ ತಳುಕು ಹಾಕಿರುವುದು ಗಮನಾರ್ಹ. ಯೋಗ ಶಿಬಿರ, ಒತ್ತಡ ನಿರ್ವಹಣೆಯ ಉಪನ್ಯಾಸ ಏರ್ಪಡಿಸಿ ಕೈತೊಳೆದುಕೊಳ್ಳುವ ಆಡಳಿತಗಳು ಇದನ್ನು ಓದಬೇಕು. ಮನಸ್ಸು ಕುಸಿದವರಿಗೆ ಸಹಾಯವೂ ಬೇಕು, ನಿಜ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೂ ಮಾತನಾಡಬಹುದು, ಕರೆ ಉಚಿತ. ಆದರೆ ರಜೆಯಿಲ್ಲದ ಡ್ಯೂಟಿ ಚಾರ್ಟಿಗೆ ಆಪ್ತಸಮಾಲೋಚನೆ ಮದ್ದಲ್ಲ. ಕಿರಿಯ ವೈದ್ಯರ ಡ್ಯೂಟಿ ಒಂದೇ ಸಮನೆ 12 ಗಂಟೆ ಮೀರಬಾರದು, ವಾರಕ್ಕೆ 48 ಗಂಟೆ ದಾಟಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದ್ದು 1992ರಲ್ಲಿ. ವೈದ್ಯಕೀಯ ಕಾಲೇಜುಗಳ ವಾರ್ಡುಗಳಲ್ಲಿ ಅದನ್ನು ಉಲ್ಲೇಖಿಸಿದರೆ ಹಿರಿಯರು ನಗುತ್ತಾರೆ.

ಜನರನ್ನು ಹಳ್ಳಿಗೆ ಕಳಿಸಲು ಸರ್ಕಾರ ಹೂಡಿದ ಉಪಾಯಗಳು ಹಲವು. ಮೈಸೂರು ಸಂಸ್ಥಾನ 1924ರಲ್ಲೇ ವೈದ್ಯಕೀಯ ಕಾಲೇಜು ತೆರೆದಿತ್ತು. 1930ರ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಈಗಿನ ರಾಮನಗರದಲ್ಲಿ, ಅಂದಿನ ಕ್ಲೋಸ್‌ಪೇಟೆಯಲ್ಲಿ, ಗ್ರಾಮೀಣ ಆರೋಗ್ಯ ಘಟಕದ ಪ್ರಯೋಗವೂ ನಡೆದಿತ್ತು. ಈ ಕಾಲದ ಮುಖ್ಯ ಉಪಾಯ ಕಡ್ಡಾಯ ಸೇವೆ. ವೈದ್ಯಕೀಯ ಪದವಿ ಮುಗಿಸಿದವರು ಒಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯಬೇಕೆಂಬ ಕರ್ನಾಟಕದ ಕಾಯ್ದೆ 2012ರದು, ಜಾರಿಗೆ ಬಂದದ್ದು 2015ರಲ್ಲಿ. ಖಾಲಿ ಹುದ್ದೆಗಳಿದ್ದಷ್ಟು ಮಟ್ಟಿಗೆ ಮಾತ್ರ ಇದು ಅನ್ವಯವಾಗುವಂತೆ 2023ರ ಕೊನೆಗೆ ತಿದ್ದುಪಡಿಯಾಯಿತು. ಹೀಗೆ ಬಂದ ಯುವ ವೈದ್ಯರಿಂದ ಹಲವು ಕೇಂದ್ರಗಳ ಬಾಗಿಲು ತೆರೆದಿದೆ, ಅಲ್ಲಗಳೆಯುವಂತಿಲ್ಲ. ಆದರೆ ವರ್ಷಕ್ಕೊಬ್ಬ ವೈದ್ಯರು ಬದಲಾಗುವ ಊರಿನಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿಯನ್ನು ಹೆಸರು ಹಿಡಿದು ಕರೆಯುವವರಿರುವುದಿಲ್ಲ.

ಹಳ್ಳಿಯಲ್ಲಿ ಸಿಬ್ಬಂದಿ ಉಳಿಯಲು ಏನು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮಾರ್ಗಸೂಚಿ ಹೊರಡಿಸಿ, 2021ರಲ್ಲಿ ಪರಿಷ್ಕರಿಸಿತು. ಹಳ್ಳಿಯಲ್ಲೇ ಬೆಳೆದ ವಿದ್ಯಾರ್ಥಿಗಳನ್ನು ಆರಿಸುವುದು, ಭತ್ಯೆ ಕೊಡುವುದು, ವಾಸಕ್ಕೆ ಯೋಗ್ಯ ಮನೆ, ಮುಂದೆ ಓದಲು ಅವಕಾಶ, ಹಿರಿಯರ ಬೆಂಬಲ ಇವೆಲ್ಲ ಒಟ್ಟಿಗೆ ಇದ್ದರೆ ಫಲ, ಒಂದೊಂದನ್ನೇ ಮಾಡಿದರೆ ಅಷ್ಟಾಗಿ ಇಲ್ಲ ಎಂಬುದು ಅದರ ಸಾರ. ಸೇವಾನಿರತ ವೈದ್ಯರಿಗೆ ಸ್ನಾತಕೋತ್ತರ ಸೀಟುಗಳಲ್ಲಿ ಪಾಲು ಕೊಡುವ ಅಧಿಕಾರ ರಾಜ್ಯಗಳಿಗೆ ಇದೆಯೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. ಕೆಲವು ವರ್ಷ ಹಳ್ಳಿಯಲ್ಲಿ ದುಡಿದರೆ ಎಂ.ಡಿ. ಸೀಟಿಗೆ ದಾರಿ ತೆರೆಯುತ್ತದೆ ಎಂಬ ಆಸೆ ಕಡ್ಡಾಯ ಸೇವೆ ತಪ್ಪಿಸಿದರೆ ಬೀಳುವ ದಂಡದ ಭಯಕ್ಕಿಂತ ಗಟ್ಟಿಯಾಗಿ ಹಿಡಿದಿಡುತ್ತದೆ.

ಕಾಯಂ ನೌಕರರ ಮಾತು ಇಷ್ಟಾದರೆ, ಗುತ್ತಿಗೆಯವರದು ಮತ್ತೊಂದು ಲೋಕ. ಒಂದೇ ವಾರ್ಡಿನಲ್ಲಿ, ಒಂದೇ ಪಾಳಿಯಲ್ಲಿ, ಒಂದೇ ಇಂಜೆಕ್ಷನ್ ಕೊಡುವ ಇಬ್ಬರು ನರ್ಸ್‌ಗಳಲ್ಲಿ ಒಬ್ಬರಿಗೆ ಕಾಯಂ ಸಂಬಳ, ಇನ್ನೊಬ್ಬರಿಗೆ ಅದರ ಒಂದು ಭಾಗ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಮತ್ತು ಹೊರಗುತ್ತಿಗೆ ನೌಕರರು 2023ರ ಫೆಬ್ರವರಿಯಲ್ಲಿ ಕಾಯಮಾತಿ ಕೇಳಿ ಬೆಂಗಳೂರಿನಲ್ಲಿ ಮುಷ್ಕರ ಹೂಡಿದರು. ವೇತನ ಶೇ 15ರಷ್ಟು ಏರಿತು, ಕಾಯಮಾತಿ ಆಗಲಿಲ್ಲ. ಆಶಾ ಕಾರ್ಯಕರ್ತೆಯರನ್ನು ಇಂದಿಗೂ ನೌಕರರೆಂದು ಕರೆಯುವುದಿಲ್ಲ, ಅವರು ‘ಸ್ವಯಂಸೇವಕಿಯರು’. ಗರ್ಭಿಣಿಯನ್ನು ಮಧ್ಯರಾತ್ರಿ ಆಸ್ಪತ್ರೆಗೆ ಕರೆತರುವ ಈ ಹೆಂಗಸರು 2020ರ ಜುಲೈನಲ್ಲಿ ಕೊರೊನಾ ಉಲ್ಬಣಿಸಿದ್ದಾಗಲೇ ತಿಂಗಳಿಗೆ 12,000 ರೂಪಾಯಿ ಕೇಳಿ ಕೆಲಸ ನಿಲ್ಲಿಸಿದರು. 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕುಳಿತ ಮೇಲೆ ಕನಿಷ್ಠ 10,000 ರೂಪಾಯಿಯ ಭರವಸೆ ಮುಖ್ಯಮಂತ್ರಿಯಿಂದ ಬಂತು. ಆಸ್ಪತ್ರೆ ಗುಡಿಸಿ ಒರೆಸುವ ಹೊರಗುತ್ತಿಗೆ ನೌಕರರಿಗೆ ಏಜೆನ್ಸಿ ಬದಲಾದಾಗಲೆಲ್ಲ ಸಂಬಳ ತಡ, ಭವಿಷ್ಯನಿಧಿಯ ಗೊಂದಲ.

ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ವೇತನದ ಬಗ್ಗೆ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಕೊಟ್ಟ ಸೂಚನೆಯ ಮೇರೆಗೆ ಕೇಂದ್ರ ಒಂದು ತಜ್ಞ ಸಮಿತಿ ರಚಿಸಿತು. ಇನ್ನೂರಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ, ನೂರು ದಾಟಿದಲ್ಲಿ ಅದಕ್ಕಿಂತ ಶೇ 10ರಷ್ಟು ಮಾತ್ರ ಕಡಿಮೆ, ಐವತ್ತರಿಂದ ನೂರರಲ್ಲಿ ಶೇ 25ರಷ್ಟು ಕಡಿಮೆ, ಐವತ್ತಕ್ಕಿಂತ ಕಡಿಮೆಯಿದ್ದಲ್ಲಿ ಕನಿಷ್ಠ 20,000 ರೂಪಾಯಿ ಎಂದು ಅದು ಹೇಳಿತು. ಇದು ಶಿಫಾರಸು, ರಾಜ್ಯಗಳು ಕಾನೂನು ಮಾಡಿದರಷ್ಟೇ ಬಲ ಬರುವಂಥದ್ದು.

ಹಲ್ಲೆಯ ವಿಷಯದಲ್ಲಿ ಕಾನೂನಿಗೆ ಕೊರತೆಯಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲೆ ಹಿಂಸೆ ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ವಿಧಿಸುವ ಕಾಯ್ದೆಯನ್ನು ಕರ್ನಾಟಕ 2009ರಲ್ಲೇ ತಂದಿತು. ಕೊರೊನಾ ಕಾಲದಲ್ಲಿ ಕೇಂದ್ರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ತಂದು, ತೀವ್ರ ಗಾಯ ಮಾಡಿದವರಿಗೆ ಏಳು ವರ್ಷದವರೆಗೆ ಶಿಕ್ಷೆ ಇಟ್ಟಿತು. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯಲ್ಲಿದ್ದ ಯುವ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ಮೇಲೆ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಸಿಬ್ಬಂದಿಯ ಮೇಲೆ ಹಲ್ಲೆಯಾದರೆ ಆರು ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ದಾಖಲಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ ಸೂಚಿಸಿತು. ಇದು ಒಳ್ಳೆಯ ನಿಯಮ, ಏಕೆಂದರೆ ಏಟು ತಿಂದ ಕಿರಿಯ ನರ್ಸ್ ಒಬ್ಬರೇ ಠಾಣೆಗೆ ಅಲೆಯುವುದು ಇದರಿಂದ ತಪ್ಪುತ್ತದೆ. ಆದರೆ ಈ ಕಾನೂನುಗಳೆಲ್ಲ ಏಟು ಬಿದ್ದ ಮೇಲೆ ಕೆಲಸ ಮಾಡುವಂಥವು. ಗಲಾಟೆ ಹುಟ್ಟುವುದು ಕಾಯುವ ಸಾಲಿನಲ್ಲಿ, ಸಿಗದ ಔಷಧಿಯಲ್ಲಿ, ಏನಾಯಿತೆಂದು ಸಂಬಂಧಿಕರನ್ನು ಕೂರಿಸಿ ಹೇಳಲು ಯಾರಿಗೂ ಪುರುಸೊತ್ತಿಲ್ಲದಿರುವಲ್ಲಿ.

ಸುರಕ್ಷತೆ ಎಂದರೆ ಹೊಡೆದಾಟವೊಂದೇ ಅಲ್ಲ ಎಂಬುದು ತಿ. ನರಸೀಪುರ ತಾಲ್ಲೂಕಿಗೆ ಚೆನ್ನಾಗಿ ಗೊತ್ತು. 2022ರ ಅಕ್ಟೋಬರ್‌ನಿಂದ 2023ರ ಜನವರಿವರೆಗೆ ಇಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಕತ್ತಲಾದರೆ ಜನ ಹೊರಗೆ ಕಾಲಿಡಲು ಅಂಜುತ್ತಿದ್ದ ದಿನಗಳವು. ಆಸ್ಪತ್ರೆಯ ಆವರಣದಲ್ಲಿ ವಸತಿಗೃಹವಿಲ್ಲದೆ ಕಬ್ಬಿನ ಗದ್ದೆಗಳ ನಡುವಿನ ರಸ್ತೆಯಲ್ಲಿ ಸ್ಕೂಟಿ ಮೇಲೆ ಪಾಳಿಗೆ ಬಂದುಹೋಗುವ ನರ್ಸ್‌ಗೆ ಇದು ಏನೆಂದು ಯೋಚಿಸಬೇಕು. ಸರ್ಕಾರಿ ಕ್ವಾರ್ಟರ್ಸ್ ಸೋರುತ್ತಿದ್ದರೆ, ಬಾಗಿಲ ಚಿಲಕ ಮುರಿದಿದ್ದರೆ, ಬೋರ್‌ವೆಲ್ ಬತ್ತಿದ್ದರೆ ಸಿಬ್ಬಂದಿ ಪಟ್ಟಣದಲ್ಲಿ ಮನೆ ಮಾಡುತ್ತಾರೆ. ಆಮೇಲೆ ‘ಹೆಡ್‌ಕ್ವಾರ್ಟರ್ಸ್‌ನಲ್ಲಿ ಇರುವುದಿಲ್ಲ’ ಎಂದು ನೋಟಿಸ್ ಬರುತ್ತದೆ. ನೋಟಿಸಿಗಿಂತ ಚಿಲಕ ಅಗ್ಗ.

ಕಣ್ಣಿಗೆ ಕಾಣದ ಅಪಾಯವೂ ಉಂಟು. ಬಳಸಿದ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ತಗಲಬಹುದು. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ ಶುರುಮಾಡಬೇಕು. ಭಾನುವಾರ ಬೆಳಗಿನ ಜಾವ ಹೋಬಳಿ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡವರಿಗೆ ಆ ಮಾತ್ರೆ ಎಲ್ಲಿದೆ, ಬೀಗದ ಕೈ ಯಾರ ಬಳಿ ಇದೆ ಎಂಬುದು ಮೊದಲೇ ಗೊತ್ತಿರಬೇಕು. ತ್ಯಾಜ್ಯ ಮುಟ್ಟುವ ಎಲ್ಲ ಸಿಬ್ಬಂದಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ಇದು ವೈದ್ಯರಷ್ಟೇ ಅಲ್ಲದೆ ಹಳದಿ ಚೀಲ ಹೊರುವ ಹೊರಗುತ್ತಿಗೆಯವರಿಗೂ ಸಲ್ಲಬೇಕಾದದ್ದು, ಮರೆತುಹೋಗುವುದು ಹೆಚ್ಚಾಗಿ ಅವರನ್ನೇ. ಹತ್ತು ಜನ ಕೆಲಸ ಮಾಡುವೆಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕೆಂಬುದು 2013ರ ಕಾಯ್ದೆ. 26 ವಾರಗಳ ಹೆರಿಗೆ ರಜೆ, ಐವತ್ತು ಜನರಿದ್ದಲ್ಲಿ ಶಿಶುಪಾಲನಾ ಕೊಠಡಿ 2017ರ ತಿದ್ದುಪಡಿಯಿಂದ ಬಂದವು.

ಎಲ್ಲ ಕಡೆ ಹೀಗೇ ಎಂದಲ್ಲ. ತಲಕಾಡಿನಿಂದ ದೂರವಲ್ಲದ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ವಹಿಸಿತು. ಸಿಬ್ಬಂದಿ ಕೇಂದ್ರದ ಸ್ಥಳದಲ್ಲೇ ವಾಸವಿರಬೇಕು, ದಿನದ ಇಪ್ಪತ್ನಾಲ್ಕು ಗಂಟೆ ಸೇವೆ ಸಿಗಬೇಕು ಎಂಬುದು ಅಲ್ಲಿನ ಪಟ್ಟು. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಚ್.ಡಿ. ಕೋಟೆ–ಸರಗೂರು ಭಾಗದ ಕಾಡಂಚಿನಲ್ಲಿ ಆಸ್ಪತ್ರೆ ನಡೆಸುತ್ತ ಬಂದಿದೆ. ಇವು ಆದರ್ಶದ ಬಲದಿಂದ ಎದ್ದ ಸಂಸ್ಥೆಗಳು, ಅವನ್ನೇ ಅಳತೆಗೋಲು ಮಾಡಿ ಸಾಮಾನ್ಯ ನೌಕರರಿಂದ ತ್ಯಾಗ ಕೇಳುವುದು ನ್ಯಾಯವಲ್ಲ. ಕಲಿಯಬೇಕಾದ್ದು ಬೇರೆ: ದೂರದ ಊರಿಗೆ ಒಂಟಿ ವೈದ್ಯರನ್ನು ಎಸೆಯುವುದಕ್ಕಿಂತ ಒಂದು ತಂಡವನ್ನು ನೆಲೆಗೊಳಿಸಿದರೆ ಜನ ನಿಲ್ಲುತ್ತಾರೆ.

ಹುದ್ದೆ ಮಂಜೂರು ಮಾಡುವುದು, ಗುತ್ತಿಗೆ ನೌಕರರ ಸಂಬಳ, ನಾಲ್ಕನೆಯ ನರ್ಸ್, ಇವು ಬೆಂಗಳೂರಿನಲ್ಲಿ ತೀರ್ಮಾನವಾಗಬೇಕಾದವು. ಡ್ಯೂಟಿ ರೂಮಿನ ಚಿಲಕ, ಆವರಣದ ದೀಪ, ಹೆಂಗಸರ ಶೌಚಾಲಯಕ್ಕೆ ನೀರು, ಲಸಿಕೆ ಹಾಕಿಸಿಕೊಂಡವರ ಪಟ್ಟಿ ಇವುಗಳಿಗೆ ಬೆಂಗಳೂರು ಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಿಗೆ ಜನಪ್ರತಿನಿಧಿಗಳೂ ಊರಿನವರೂ ಇರುವ ಆರೋಗ್ಯ ರಕ್ಷಾ ಸಮಿತಿ ಇದೆ, ಇಂಥ ಸಣ್ಣ ಖರ್ಚಿಗೆ ಅದರ ಕೈಯಲ್ಲಿ ಹಣವೂ ಇರುತ್ತದೆ. ಔಷಧಿ ಇದೆಯೇ, ವೈದ್ಯರು ಬರುತ್ತಾರೆಯೇ ಎಂದು ಕೇಳುವ ಊರಿನವರು, ಸಮಿತಿಯ ಮುಂದಿನ ಸಭೆಯಲ್ಲಿ ರಾತ್ರಿ ಡ್ಯೂಟಿಯವರು ಎಲ್ಲಿ ಮಲಗುತ್ತಾರೆ ಎಂದೂ ಕೇಳಲಿ.